ಕಾಲ ಕೆಳಗಿನ ನೊಗ

ಶಿಗ್ಗಾಂವ ಸಂತೆಯ ಗೋಡೆಗೆ ಅಂಟಿಸಿದ್ದ ಜಾಹೀರಾತಿನ ಮುಂದೆ ಹಾಲವ್ವ ನಿಂತೇಬಿಟ್ಟಳು. ನೀರೆತ್ತುವ ಹೊಸ ಎಣ್ಣೆ ಎಂಜಿನ್ನಿನ ಪಕ್ಕ ಬೂಟು ಹಾಕಿಕೊಂಡು ನಿಂತಿದ್ದವನು ಅವಳ ಮಗ ಚನ್ನವೀರಪ್ಪ!

“ಎಷ್ಟ ಚಂದ ಬಂದೀಯೋ ನನ್ನಪ್ಪಾ! ಕಾಲ ಕೆಳಗ ಏನದು?”

ಪಕ್ಕದಲ್ಲಿದ್ದ ಚನ್ನವೀರಪ್ಪ ಮುಖ ಅತ್ತ ತಿರುಗಿಸಿದ. ಅದು ಮನೆಯದೇ ನೊಗ. ಹಬ್ಬಕ್ಕೊಮ್ಮೆ ಅವ್ವ ವಿಭೂತಿ ಹಚ್ಚಿ ಕೈಮುಗಿಯುವ ನೊಗ. ಫೋಟೊ ತೆಗೆಸುವಾಗ ಕಂಪನಿಯ ಏಜಂಟ, “ಅದರ ಮ್ಯಾಲ ಕಾಲಿಡ್ರಿ ಗೌಡ್ರ, ಎತ್ತಿನ ಕಾಲ ಮುಗೀತು ಅಂತ ಮಂದಿಗೆ ತಿಳೀಲಿ” ಎಂದಿದ್ದ. ಅವ್ವ ಹತ್ತಿರದಲ್ಲೆಲ್ಲೂ ಇಲ್ಲವೆಂದು ನೋಡಿಕೊಂಡೇ ಇವನು ಕಾಲಿಟ್ಟಿದ್ದ.

“ಕಟ್ಟಿಗಿಬೇ ಯವ್ವಾ, ಬರೇ ಕಟ್ಟಿಗಿ,” ಎಂದ.

ಹಾಲವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಸಂತೆಯ ಮಂದಿಯ ಎದುರೇ ಚಿತ್ರದ ನೊಗವನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡಳು.

“ಹೊಟ್ಟಿಗಿ ಹಾಕ್ಕೋ ಬಸವಣ್ಣಾ, ನನ್ನ ಕೂಸಿಗೆ ತಿಳೀಲಿಲ್ಲ.”