ಬಾಕಿ

ರಿಮೋಟಿನ ವೈರು ಚಕ್ರಕ್ಕೆ ಸಿಕ್ಕದಂತೆ ಎತ್ತಿ ಹಿಡಿದು ಹಿಡಿದು ರಂಗರಾಜುವಿನ ತೋಳು ಸೋತಿತ್ತು. ಹಲಗೆ ಹೊಡೆದು ಮಾಡಿದ್ದ ಅಖಾಡದೊಳಗೆ ಎರಡು ಪುಟ್ಟ ರೋಬೋಟ್ ಗಾಡಿಗಳು ಟಗರುಗಳ ಹಾಗೆ ಹಾಯ್ದಾಡುತ್ತಿದ್ದವು. ಒಂದು, ಅವನೂ ಕುಣಿಗಲ್ಲಿನ ಮೋಹನ್‌ಕುಮಾರನೂ ಸೇರಿ ಕಟ್ಟಿದ್ದು. ಅದರ ಮೂತಿಗೆ ತೆಂಗಿನಕಾಯಿ ಸುಲಿಯುವ ಹಾರೆಯ ತುದಿಯನ್ನೇ ಕತ್ತರಿಸಿ ಕೂರಿಸಿದ್ದರು. ಇನ್ನೊಂದು, ಕೆಂಪು ಬಣ್ಣದ್ದು, ಅಂಜನ್‌ನದು. ಎರಡು ವರ್ಷದ ಹಿಂದೆ ಅದನ್ನು ಬೆಸೆದವನೂ ರಂಗರಾಜುವೇ. ತುಮಕೂರಿನ ಎಂಜಿನಿಯರಿಂಗ್ ಕಾಲೇಜಿನ ಮೈದಾನದಲ್ಲಿ ಸೇರಿದ್ದ ಹುಡುಗರಿಗೆ ಇದೆಲ್ಲ ಯಾಕೆ ಬೇಕು? ಕಬ್ಬಿಣಕ್ಕೆ ಕಬ್ಬಿಣ ತಾಗಿ ಸದ್ದಾದರೆ ಅವರಿಗೆ ಸಾಕಿತ್ತು.

ಗುಬ್ಬಿ ಬಸ್‌ಸ್ಟ್ಯಾಂಡಿನ ಹಿಂದೆ ಗೇಟು, ಗ್ರಿಲ್ಲು ಬೆಸೆಯುವ ರಂಗರಾಜುವಿಗೂ ಕಾಲೇಜು ಓದುವ ಅಂಜನ್‌ಗೂ ಸ್ನೇಹ ಕುದುರಿದ್ದು ಈ ಹುಚ್ಚಿನಿಂದಲೇ. ಗುಜರಿಯಲ್ಲಿ ಕಾರಿನ ವೈಪರ್ ಮೋಟಾರು ಹುಡುಕಿ ತರುವುದು ಅಂಜನ್. ಭಾನುವಾರ ಟಿವಿಎಸ್ ಮೇಲೆ ವೆಲ್ಡಿಂಗ್ ಸೆಟ್ ಹೇರಿಕೊಂಡು ಅವನ ಮನೆಗೆ ಹೋಗುವುದು ರಂಗರಾಜು. ಹೋದ ವರ್ಷ ಇದೇ ಮೈದಾನದಲ್ಲಿ ಎರಡನೇ ಬಹುಮಾನವೂ ಬಂತು, ಗಾಡಿಯ ಒಂದು ಮೂಲೆಯೂ ಬಿಟ್ಟುಕೊಂಡಿತು. ಮುಂದಿನ ಭಾನುವಾರ ರಿಪೇರಿಗೆ ಕೂತ ರಂಗರಾಜು ಆ ಮೂಲೆ ಸದ್ಯಕ್ಕೆ ಹಿಡಿದು ನಿಲ್ಲಲೆಂದು ಮೂರು ಚುಕ್ಕಿ ವೆಲ್ಡಿಂಗ್ ಹಾಕಿದ್ದನಷ್ಟೇ, ಕರೆಂಟು ಹೋಯಿತು. ಸಂಜೆಯವರೆಗೆ ಕಾದರೂ ಬರಲಿಲ್ಲ. ಮುಗಿಯದ ಕೆಲಸದ ಮೇಲೆ ಸೀಮೆಸುಣ್ಣದಲ್ಲಿ ‘ಬಾಕಿ’ ಎಂದು ಬರೆಯುವುದು ಅವನ ಅಭ್ಯಾಸ. ಹಾಗೇ ಬರೆದು, ಬರುವ ಭಾನುವಾರ ಬಂದು ಮುಗಿಸುತ್ತೇನೆ ಎಂದು ಹೇಳಿ ಹೊರಟ.

ಆ ವಾರದಲ್ಲೇ ಕಾಲೇಜಿನಿಂದ ಸರ್ಟಿಫಿಕೇಟು ಬಂತು. ಅದರಲ್ಲಿ ಅಂಜನ್ ಹೆಸರೊಂದೇ ಇತ್ತು. ಸ್ಪರ್ಧೆಯ ಫಾರಮ್ಮಿನಲ್ಲಿ ರಂಗರಾಜುವಿನ ಹೆಸರಿನ ಮುಂದೆ ಅಂಜನ್ ‘ಹೆಲ್ಪರ್’ ಎಂದು ಬರೆದಿದ್ದನಂತೆ. ಹೊರಗಿನವರನ್ನು ಹಾಗೆ ಬರೆದರೆ ಮಾತ್ರ ಒಳಗೆ ಬಿಡುತ್ತಿದ್ದರು ಅಂತ ಅವನು ಹೇಳಿಕೊಂಡಿದ್ದು ನಿಜವೇ ಇದ್ದೀತು. ಆದರೆ ರಂಗರಾಜು ‘ಹೆಲ್ಪರ್’ ಎಂಬ ಆ ಒಂದು ಮಾತನ್ನು ಕಂಡವರ ಬಾಯಲ್ಲೆಲ್ಲ ಹತ್ತು ವರ್ಷ ಕೇಳಿದವನು. ಇನ್ನು ಕೇಳಲಾರೆ ಎಂದೇ ಸ್ವಂತ ಅಂಗಡಿ ಇಟ್ಟವನು. ಆ ಭಾನುವಾರ ಅವನು ಕೆಲಸ ಮುಗಿಸಲು ಹೋಗಲಿಲ್ಲ. ಅಂಜನ್ ಎರಡು ಸಲ ಅಂಗಡಿಗೆ ಬಂದ. ಎರಡು ಸಲವೂ ರಂಗರಾಜು ಮುಖಕ್ಕೆ ಹಿಡಿದ ವೆಲ್ಡಿಂಗ್ ಶೀಲ್ಡನ್ನು ಇಳಿಸಲಿಲ್ಲ. ಎರಡನೇ ಸಲವಂತೂ ಊರಿನಲ್ಲಿ ಕರೆಂಟೇ ಇರಲಿಲ್ಲ.

ಈ ವರ್ಷ ಸ್ಪರ್ಧೆಗೆ ಯಾರು ಬೇಕಾದರೂ ಬರಬಹುದೆಂದು ಗೊತ್ತಾದಾಗ ಮೋಹನ್‌ಕುಮಾರ್ ಅವನನ್ನು ಹುಡುಕಿಕೊಂಡು ಬಂದ. ಫಾರಮ್ಮಿನಲ್ಲಿ ಇಬ್ಬರ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆದ. ರಂಗರಾಜು ಅದನ್ನು ಮೂರು ಸಲ ಓದಿಕೊಂಡ. ಗೆದ್ದರೆ ಮೈಕಿನಲ್ಲಿ ತನ್ನ ಹೆಸರು ಕೂಗುತ್ತಾರೆ, ಅಂಜನ್ ನಿಂತು ಕೇಳುತ್ತಾನೆ. ಅವನಿಗೆ ಬೇಕಿದ್ದದ್ದು ಅಷ್ಟೇ.

ಆದರೆ ಈಗ ಸೋಲುತ್ತಿದ್ದವರು ಇವರೇ. ಕೆಂಪು ಗಾಡಿ ಇವರದನ್ನು ಹಲಗೆಗೆ ಒತ್ತರಿಸಿ ನಿಂತಿತ್ತು. ಅಖಾಡದ ಆಚೆ ತುದಿಯಲ್ಲಿ ಅಂಜನ್ ಎಂದಿನ ಹಾಗೆ ಕೆಳತುಟಿ ಕಚ್ಚಿಕೊಂಡು ಸ್ವಿಚ್ಚು ಒತ್ತುತ್ತಿದ್ದ.

“ಅದು ನೀನೇ ಮಾಡಿದ್ ಗಾಡಿಯಲ್ವಾ? ಎಲ್ ವೀಕದು, ಹೇಳು,” ಎಂದ ಮೋಹನ್‌ಕುಮಾರ್.

ರಂಗರಾಜುವಿಗೆ ಆ ಮೂರು ಚುಕ್ಕಿ ನೆನಪಾದವು. ಒಂದು ವರ್ಷವಾಯಿತಲ್ಲ, ಅಷ್ಟು ಮಾಡಿಸದೇ ಇರುತ್ತಾನೆಯೇ, ಗುಬ್ಬಿಯಲ್ಲಿ ನಾನೊಬ್ಬನೇ ವೆಲ್ಡರೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹಾಗೆ ಹೇಳಿಕೊಳ್ಳುವಾಗಲೇ ಅದು ಬರೀ ನೆಪ ಎಂದೂ ಅವನಿಗೆ ಗೊತ್ತಿತ್ತು.

“ಎಡಗಡೆ, ಹಿಂದಿನ ಮೂಲೆ,” ಅಂದುಬಿಟ್ಟ.

ಮೋಹನ್‌ಕುಮಾರ್ ಗಾಡಿಯನ್ನು ಸರಕ್ಕನೆ ಹಿಂದೆಳೆದು, ಸುತ್ತು ಹಾಕಿಸಿ ನುಗ್ಗಿಸಿದ. ಹಾರೆಯ ತುದಿ ಮೂಲೆಯ ಸಂದಿಗೆ ಹೊಕ್ಕಿತು. ಮೂರು ಚುಕ್ಕಿಗಳು ಒಂದಾದ ಮೇಲೊಂದು ಪಟಪಟನೆ ಬಿಟ್ಟುಕೊಂಡ ಸದ್ದು ಆ ಗಲಾಟೆಯಲ್ಲೂ ರಂಗರಾಜುವಿಗೆ ಕೇಳಿಸಿತು. ಚೌಕಟ್ಟು ಬಾಯಿಬಿಟ್ಟು ಬ್ಯಾಟರಿ ಹೊರಗೆ ಉರುಳಿತು. ಕೆಂಪು ಗಾಡಿ ನಿಂತಲ್ಲೇ ನಿಂತಿತು. ಜನ ಕೂಗಿದರು. ಮೈಕಿನಲ್ಲಿ “ಕುಣಿಗಲ್ಲಿನ ಮೋಹನ್‌ಕುಮಾರ್ ಮತ್ತು ಗುಬ್ಬಿಯ ರಂಗರಾಜು” ಎಂದು ಎರಡು ಸಲ ಹೇಳಿದರು. ಒಂದು ವರ್ಷ ಕಾದಿದ್ದ ಹೆಸರು ಅವನ ಕಿವಿಗೆ ಬೇರೆ ಯಾರದೋ ಹೆಸರಿನ ಹಾಗೆ ಬಿತ್ತು. ಕೈಯಲ್ಲಿದ್ದ ವೈರು ಕೆಳಗೆ ಹಾಕಿ ಕೆಂಪು ಗಾಡಿಯ ಹತ್ತಿರ ಹೋದ.

ಅಂಜನ್ ಕುಕ್ಕರಗಾಲಲ್ಲಿ ಕೂತು ಮೇಲಿನ ತಗಡಿನ ಬೋಲ್ಟು ಬಿಚ್ಚುತ್ತಿದ್ದ. ತಗಡು ಎತ್ತಿದ. ಗಾಡಿಯ ಒಳಗೂ ಹೊರಗೂ ಹೊಸ ಕೆಂಪು ಬಣ್ಣ ಮಿರುಗುತ್ತಿತ್ತು. ಎಡಗಡೆ ಹಿಂದಿನ ಮೂಲೆಯ ಒಳಮೈಯಲ್ಲಿ ಮಾತ್ರ ಅಂಗೈ ಅಗಲದಷ್ಟು ಜಾಗಕ್ಕೆ ಬ್ರಷ್ಷು ತಾಕಿರಲಿಲ್ಲ. ಬರೀ ಕಬ್ಬಿಣ. ಅದರ ಮೇಲೆ ಸೀಮೆಸುಣ್ಣದ ಎರಡು ಅಕ್ಷರ, ಮಾಸಿದ್ದರೂ ರಂಗರಾಜುವಿನ ಕೈಬರಹವೇ.

“ಗುಬ್ಬೀಲಿ ಬೇರೆ ವೆಲ್ಡರ್ ಸಿಗ್ಲಿಲ್ವೇನೋ?” ಎಂದ ರಂಗರಾಜು.

ಅಂಜನ್ ತಲೆ ಎತ್ತಲಿಲ್ಲ. ಉರುಳಿದ ಬ್ಯಾಟರಿಯನ್ನು ಮಡಿಲಿಗೆ ಎಳೆದುಕೊಂಡು ಅದರ ಮಣ್ಣು ಒರೆಸಿದ.

“ನೀನ್ ಬಂದು ಮುಗಿಸಿದ್ಮೇಲೆ ಬಣ್ಣ ಹೊಡೆಯಾಣ ಅಂತ ಬಿಟ್ಟಿದ್ದೆ, ರಂಗಣ್ಣ.”