ರಕ್ಕಸನ ಕಿರೀಟ

ಅಂದು ನಾನು ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಮೊನ್ನೆ ನನ್ನ ಮಗಳ ಶಾಲೆಯ ನಾಟಕಕ್ಕೆಂದು ಅಣ್ಣ ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಕಲಸುವಾಗ, ಆ ವಾಸನೆಗೆ ಇಂಡಿ ಕಡೆಯ ನಮ್ಮ ಜೋಳದ ಹೊಲ ಕಣ್ಣೆದುರು ಬಂತು.

ಆಗ ಅಣ್ಣನಿಗೆ ಊರ ದೊಡ್ಡಾಟದಲ್ಲಿ ರಕ್ಕಸನ ಪಾತ್ರ ಸಿಕ್ಕಿತ್ತು. ಮಧ್ಯಾಹ್ನ ಹಕ್ಕಿ ಕಾಯಲು ಹೋದಾಗಲೂ ಮುಖಕ್ಕೆ ಬಣ್ಣ ಬಳಿದು, ರಟ್ಟಿನ ಕಿರೀಟ ಇಟ್ಟುಕೊಂಡು ಮಾತು ಕಲಿಯುತ್ತಿದ್ದ. ಎದುರು ಮಾತು ಹೇಳಲು ನನ್ನನ್ನು ಬಿಟ್ಟು ಪಕ್ಕದ ಹೊಲದ ಶರಣನನ್ನು ಕರೆದ.

"ನೀ ಸಣ್ಣಾಕಿ, ಹಕ್ಕಿ ಹೊಡಿ ಹೋಗು."

ಅವರಿಬ್ಬರ ನಗು ಕೇಳಿ ನನ್ನ ಹೊಟ್ಟೆ ಉರಿಯಿತು. ಜೋಳದ ಮರೆಯಿಂದ ಕವಣೆ ಬೀಸಿದೆ. ಕಲ್ಲು ಅತ್ತ ತಿರುಗಿದ್ದ ಶರಣನ ಕಿವಿಯ ಮೇಲೆ ಬಿತ್ತು; ಯಾರು ಹೊಡೆದರೆಂದು ಅವನಿಗೆ ಕಾಣಲಿಲ್ಲ.

ರಕ್ತ ಕಂಡು ಓಡಿಬಂದವರು ಬಣ್ಣದ ಮುಖವನ್ನಷ್ಟೇ ನೋಡಿದರು.

"ರಕ್ಕಸನ ವೇಷ ಹಾಕಿ ಹಾಕಿ ಖರೇನ ರಕ್ಕಸ ಆಗ್ಯಾನ ನೋಡ್ರಿ," ಎಂದ ಶರಣನ ಕಾಕಾ.

"ಬ್ಯಾಡ ಅಂದ್ರೂ ಆಟಕ್ಕ ಕಳಿಸಿದ್ರಿ, ಈಗ ಅನುಭವಿಸ್ರಿ," ಎಂದಳು ನಮ್ಮ ಸೋದರತ್ತೆ, ಅಪ್ಪನ ಕಡೆ ತಿರುಗಿ.

"ನಾ ಹೊಡದಿಲ್ಲೋ ಯಪ್ಪಾ," ಎಂದು ಅಣ್ಣ ಅಳುತ್ತಿದ್ದ. ಬಣ್ಣ ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು.

ಮನೆಗೆ ಬಂದೊಡನೆ ಅಪ್ಪ ಕಿರೀಟವನ್ನು ನೀರೊಲೆಗೆ ಹಾಕಿದ. ಪಾತ್ರ ಬೇರೆಯವನ ಪಾಲಾಯಿತು. ಇನ್ನು ಅಣ್ಣ ನನ್ನ ಜೊತೆಗೇ ಇರುತ್ತಾನೆಂದು ನನಗೆ ಒಳಗೊಳಗೇ ಖುಷಿಯಾಗಿತ್ತು. ಅವನು ಮತ್ತೆಂದೂ ತನ್ನ ಮುಖಕ್ಕೆ ಬಣ್ಣ ಹಚ್ಚಲಿಲ್ಲ, ನನ್ನ ಜೊತೆಗೂ ಆಡಲಿಲ್ಲ.

ಮೊನ್ನೆ ಅವನ ಎಣ್ಣೆಗೈ ಹಿಡಿದುಕೊಂಡು ಹೇಳಿಯೇಬಿಟ್ಟೆ.

"ಅಣ್ಣಾ, ಅವತ್ತ ಶರಣಗ ಕಲ್ಲು ಹೊಡದಾಕಿ ನಾನು. ನಿನ್ನ ಆಟ ನಾನ ಕೆಡಿಸಿದೆ. ತಪ್ಪಾತು."