ಒಬ್ಬರಿಗೆ ಮಾತ್ರ ಪ್ರಯಾರಿಟಿ

ಅತ್ತೆಗೆ ಹಡಗಿನಲ್ಲಿ ಸಿಗಲಿದ್ದ ರಾಜಮರ್ಯಾದೆಯನ್ನು ತಪ್ಪಿಸಲೆಂದೇ ಪುಷ್ಪಾ ಶಿವಮೊಗ್ಗದ ಗಾಂಧಿ ಬಜಾರಿನ ಟ್ರಾವೆಲ್ಸ್ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಳು. ಮನೆಯಲ್ಲಿ ರವಿಕೆ ಬಟ್ಟೆ ತರುತ್ತೇನೆಂದು ಹೇಳಿ ಬಂದಿದ್ದಳು. ಮದುವೆಯಾಗಿ ಏಳು ವರ್ಷ, ಅತ್ತೆಗೆ ಹೇಳಿದ ಮೊದಲ ಸುಳ್ಳು ಇದು. ಆದರೂ ಕಾಲು ಹಿಂಜರಿಯಲಿಲ್ಲ.

ಮುಂದಿನ ತಿಂಗಳು ಮುಂಬೈಯಿಂದ ಹೊರಡುವ ಪ್ರವಾಸದ ಹಡಗಿಗೆ ಮೂರು ಟಿಕೆಟ್ ಆಗಿತ್ತು. ಗಂಡ ನಾಗೇಶನಿಗೆ ಮಾಚೇನಹಳ್ಳಿಯಲ್ಲಿ ಲೇತ್ ವರ್ಕ್‌ಶಾಪು. ಭಾನುವಾರವೂ ಬಿಡುವಿಲ್ಲದ ಮನುಷ್ಯ. ಅವನು ಒಪ್ಪಿದ್ದೇ ದೊಡ್ಡ ಮಾತು. ಇಬ್ಬರೇ ಹೋಗಿಬರಬೇಕೆಂದು ಪುಷ್ಪಾ ಆಸೆಪಟ್ಟಿದ್ದಳು. ಭದ್ರಾವತಿಯ ಮನೆಯಲ್ಲಿ ಹಡಗಿನ ಸುದ್ದಿ ಎತ್ತಿದ್ದೇ ತಡ, ಅತ್ತೆ ಕಾಳಮ್ಮ ತಾವೂ ಬರುವುದಾಗಿ ಹೇಳಿಬಿಟ್ಟರು. ನಾಗೇಶ ಹೂಂ ಎಂದ. ತಾಯಿಯ ಮಾತಿಗೆ ಅವನು ಉಹೂಂ ಎಂದದ್ದನ್ನು ಪುಷ್ಪಾ ಇದುವರೆಗೆ ಕೇಳಿಲ್ಲ.

ಅದನ್ನೂ ನುಂಗಿಕೊಂಡಳು. ಆ ಮನೆಯಲ್ಲಿ ಮೊದಲ ಲೋಟ ಕಾಫಿ ಅತ್ತೆಗೆ, ಹಂಡೆಯ ಮೊದಲ ಬಿಸಿನೀರು ಅತ್ತೆಗೆ, ಬಾಣಲೆಯಿಂದ ಎದ್ದ ಮೊದಲ ಬೋಂಡವೂ ಅತ್ತೆಗೇ. ಹಡಗಿನಲ್ಲಾದರೂ ಎಲ್ಲರೂ ಒಂದೇ ಎಂದು ಸಮಾಧಾನ ಮಾಡಿಕೊಂಡಳು.

ಟಿಕೆಟ್ ಮಾಡಿಸಲು ಮೂವರೂ ಬಂದ ದಿನ ಇದೇ ಅಂಗಡಿಯಲ್ಲಿ ಆ ಸಮಾಧಾನಕ್ಕೂ ಕಲ್ಲು ಬಿತ್ತು. ಕೌಂಟರಿನ ಹುಡುಗಿ ರಂಜಿನಿ ಪ್ರಯಾರಿಟಿಯ ವಿಷಯ ತೆಗೆದಳು. ಟಿಕೆಟ್ಟಿನ ಮೇಲೆ ಇನ್ನಷ್ಟು ಕಟ್ಟಿದರೆ ಸಾಲಿನಲ್ಲಿ ನಿಲ್ಲದೆ ಹಡಗು ಹತ್ತಬಹುದು, ಊಟಕ್ಕೆ ಕಾಯಬೇಕಿಲ್ಲ, ಊರು ಬಂದಾಗ ಎಲ್ಲರಿಗಿಂತ ಮುಂಚೆ ಇಳಿಯಬಹುದು. ನಾಗೇಶ ಬೇಡವೆಂದ. ಕಾಳಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಎಲ್ಲದ್ರಲ್ಲೂ ಮೊದ್ಲೇನಮ್ಮ?"

"ಎಲ್ಲದ್ರಲ್ಲೂ ಅಮ್ಮ," ಎಂದಳು ರಂಜಿನಿ.

ಮನೆಗೆ ಬಂದ ಮೇಲೂ ಅತ್ತೆ ಅದನ್ನೇ ಮೆಲುಕು ಹಾಕುತ್ತಿದ್ದರು. ಮಾರನೆಯ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದ ಸೊಸೆಯ ಬೆನ್ನ ಹಿಂದೆ ಬಂದು ನಿಂತು, "ನಿಂಗೆ ಈಜು ಬರಲ್ಲ ಅಲ್ವೇನೇ?" ಎಂದು ಕೇಳಿದರು. ಭದ್ರಾ ನಾಲೆಯಲ್ಲಿ ಬಿದ್ದು ಎದ್ದು ಬೆಳೆದವರು ಅವರು; ಮಗನಿಗೆ ಈಜು ಕಲಿಸಿದವರೂ ಅವರೇ. ಶಿವಮೊಗ್ಗ ಪೇಟೆಯ ಸೊಸೆಗೆ ರೊಟ್ಟಿ ತಟ್ಟಲು ಬರುವುದಿಲ್ಲ, ಹೂ ಕಟ್ಟಲು ಬರುವುದಿಲ್ಲ, ಈಗ ಇದೂ ಒಂದು ಸೇರಿತು ಎಂದುಕೊಂಡಳು ಪುಷ್ಪಾ. ಬರುವುದಿಲ್ಲ ಎಂದು ಹೇಳಿ ದೋಸೆ ಮಗುಚಿದಳು.

ಅದೇ ದಿನ, ಆಸ್ಪತ್ರೆಗೂ ಒಬ್ಬರೇ ಹೋಗದ ಕಾಳಮ್ಮ ಒಬ್ಬರೇ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿಬಂದರು. ಊಟಕ್ಕೆ ಕೂತಾಗ ಬಾಯಿಬಿಟ್ಟರು.

"ಚೀಟಿ ದುಡ್ಡಲ್ಲಿ ಆ ಪ್ರಯಾರಿಟಿ ಕಟ್ಟಿ ಬಂದೆ. ಒಬ್ರಿಗೆ ಮಾತ್ರ. ಮೂರು ಜನಕ್ಕಾಗೋಷ್ಟು ನನ್ನ ಹತ್ರ ಎಲ್ಲಿದೆ?"

ಇದೆಲ್ಲ ಯಾಕಮ್ಮ ಎಂದು ನಾಗೇಶ ಗೊಣಗಿದ. ಹೊರಡುವ ಮುಂಚೆ ಎಲ್ಲವನ್ನೂ ಬಿಡಿಸಿ ಹೇಳಬಾರದು ಎಂದಷ್ಟೇ ಹೇಳಿ ಅವರು ಸಾರು ಬಡಿಸಿಕೊಂಡರು.

ಆ ಒಬ್ಬರು ಯಾರೆಂದು ಕೇಳಬೇಕೆಂದು ಪುಷ್ಪಾಗೆ ಅನ್ನಿಸಲೇ ಇಲ್ಲ. ತಾನೂ ಗಂಡನೂ ಬಿಸಿಲಲ್ಲಿ ಪೆಟ್ಟಿಗೆ ಹಿಡಿದು ಸಾಲಿನಲ್ಲಿ ನಿಂತಂತೆ, ಅತ್ತೆ ಆಗಲೇ ಹಡಗಿನ ಮೇಲೇರಿ ತಮ್ಮನ್ನು ನೋಡುತ್ತಿರುವಂತೆ ಕಣ್ಣಿಗೆ ಕಟ್ಟಿತು. ಅಳು ಬಂತು, ಆಮೇಲೆ ಸಿಟ್ಟು ಬಂತು. ಎರಡರಲ್ಲಿ ಸಿಟ್ಟೇ ವಾಸಿ ಎನಿಸಿತು. ಕಟ್ಟಿದ್ದನ್ನು ರದ್ದು ಮಾಡಿಸಲು ಇವತ್ತೇ ಕಡೆಯ ದಿನ. ಬಂದರಿನಲ್ಲಿ ಹೆಸರಿಲ್ಲ ಎಂದರೆ ಅತ್ತೆ ಹಡಗಿನವರ ತಪ್ಪೆಂದು ಬೈದುಕೊಳ್ಳಲಿ. ಅವರೂ ಒಂದು ಸಲ ಎಲ್ಲರಿಗಿಂತ ಹಿಂದೆ ನಿಂತು ನೋಡಲಿ.

ರಂಜಿನಿ ಗುರುತು ಹಿಡಿದು ನಕ್ಕಳು. ಪುಷ್ಪಾ ಕೂರದೆಯೇ ವಿಷಯಕ್ಕೆ ಬಂದಳು.

"ನಮ್ಮತ್ತೆ ಕಟ್ಟಿದ್ದಾರಲ್ಲ ಪ್ರಯಾರಿಟಿ, ಅದನ್ನ ಕ್ಯಾನ್ಸಲ್ ಮಾಡ್ಬೇಕು. ಅವರೇ ಹೇಳಿ ಕಳಿಸಿದಾರೆ."

ರಂಜಿನಿಯ ನಗು ನಿಂತಿತು. "ಅವರೇ ಹೇಳಿದ್ರಾ?"

"ಹೌದು." ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಹುಡುಗಿ ಕಂಪ್ಯೂಟರಿನತ್ತ ತಿರುಗಿದಳು. ಒಮ್ಮೆ ಬಿಟ್ಟರೆ ಮತ್ತೆ ಸಿಗುವುದಿಲ್ಲ, ಇನ್ನೊಂದು ಸಲ ಯೋಚನೆ ಮಾಡಿ ಎಂದಳು. ಯೋಚನೆ ಮಾಡಿಯೇ ಬಂದಿದ್ದೇನೆ, ವಯಸ್ಸಾದವರಿಗೆ ದಿನಕ್ಕೊಂದು ಮನಸ್ಸು ಎಂದಳು ಪುಷ್ಪಾ. ತನ್ನ ದನಿ ಅತ್ತೆಯ ದನಿಯಷ್ಟೇ ಗಟ್ಟಿಯಾಗಿದೆ ಎಂದು ಒಳಗೊಳಗೇ ಖುಷಿಯಾಯಿತು.

"ಸರಿ ಹಾಗಾದ್ರೆ. ನಿಮ್ಮ ಫೋನಿಗೆ ಓಟಿಪಿ ಬರುತ್ತೆ, ಹೇಳಿ."

"ನನ್ನ ಫೋನಿಗೆ ಯಾಕೆ?"

"ನಿಮ್ಮ ಹೆಸರಲ್ಲೇ ಇರೋದಲ್ವಾ ಮೇಡಂ."

ಕೈಚೀಲದೊಳಗೆ ಫೋನು ಗುಂಯ್‌ಗುಟ್ಟಿತು. ಪುಷ್ಪಾ ಅದನ್ನು ತೆಗೆಯಲಿಲ್ಲ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಹೆಸರು ಅದಲುಬದಲಾಗಿರಬೇಕು ಎಂದು ತಡವರಿಸಿದಳು.

ಅದಲುಬದಲೇನೂ ಆಗಿಲ್ಲ ಎಂದಳು ರಂಜಿನಿ. ಕಾಳಮ್ಮ ಇದೇ ಕುರ್ಚಿಯಲ್ಲಿ ಕೂತು ಸೊಸೆಯ ಹೆಸರು ಹೇಳಿ ಬರೆಸಿದ್ದರು. ಅದು ಯಾಕೆಂಬ ಮಾತು ಪ್ರಯಾಣಕ್ಕೆ ಮುಂಚೆ ಮನೆಯವರ ಕಿವಿಗೆ ಬಿದ್ದರೆ ಅಪಶಕುನ ಎಂದೂ ಹೇಳಿದ್ದರು. ಆದರೂ ಹುಡುಗಿ ಅದನ್ನು ಹೇಳಿಯೇಬಿಟ್ಟಳು.

"ಹಡಗು ಮುಳುಗಿದ್ರೆ ಪ್ರಯಾರಿಟಿ ಇರೋರನ್ನೇ ಅಲ್ವಾ ಮೊದ್ಲು ದೋಣಿಗೆ ಇಳಿಸೋದು ಅಂತ ಕೇಳಿದ್ರು, ಹಾಗೇನಿಲ್ಲಮ್ಮ ಅಂತ ಎಷ್ಟು ಹೇಳಿದ್ರೂ ನಂಬಲಿಲ್ಲ, ನಾವಿಬ್ರು ಹೇಗೋ ಮಾಡ್ಕೋತೀವಿ, ಅವಳನ್ನ ಮಾತ್ರ ಮೊದ್ಲು ಇಳಿಸಿಬಿಡಿ ಅಂದ್ರು."